ಬಚ್ಚಲಿನ ಬೂಷ್ಟಿಗೆ ಏನು ಮಾಡಲಿ?

ಪ್ರಶ್ನೆ: ನಮ್ಮದು ಕಾರವಾರದಲ್ಲಿ ಸಮುದ್ರದ ಹತ್ತಿರದ ಮನೆ. ಜೂನ್ ಬಂತೆಂದರೆ ಬಚ್ಚಲುಮನೆಯ ಮೂಲೆಗಳಲ್ಲಿ ಕಪ್ಪು ಬೂಷ್ಟು. ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೂ ಹೋಗುತ್ತಿಲ್ಲ.

ಉತ್ತರ: ಬಾಗಿಲು ಮುಚ್ಚಿದಾಗ ಅದರ ಕೆಳಗೆ ಸಂದಿ ಇದೆಯೇ, ಮೊದಲು ನೋಡಿ. ಒಳಗೆ ಗಾಳಿ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತದೆ, ಅಷ್ಟೇ. ಶಿರಸಿಯ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಬಡಗಿ ಬಂದು ಬಾಗಿಲ ಅಡಿಯಲ್ಲಿ ಒಂದು ಬೆರಳಿನಷ್ಟು ಕತ್ತರಿಸಿಕೊಟ್ಟರು. ಆಮೇಲೆ ಗೋಡೆ ಬೇಗ ಒಣಗತೊಡಗಿತು. ಸ್ನಾನ ಮುಗಿದ ಮೇಲೂ 20 ನಿಮಿಷ ಫ್ಯಾನ್ ಓಡಲಿ. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಒದ್ದೆ, ಅಲ್ವಾ? ಅದಕ್ಕೇ ಗೋಡೆಯ ನೀರನ್ನು ವೈಪರಿನಿಂದ ಎಳೆದುಬಿಡಿ. ಈಗಿರುವ ಬೂಷ್ಟು ತೊಳೆಯುವಾಗ ಬ್ಲೀಚಿಗೆ ಆಸಿಡ್ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.