ಬೆಚ್ಚಗಿನ ಬಿಯರು, ಮೂರೂವರೆ ಪರ್ಸೆಂಟು

ಪ್ರಶ್ನೆ: ನಾನು ದಾವಣಗೆರೆಯವನು, ಬ್ಯಾಂಕಿನಿಂದ ರಿಟೈರ್ ಆಗಿದ್ದೇನೆ. ಮೂರು ತಿಂಗಳಿಗೆ ಅಂತ ಇಂಗ್ಲೆಂಡಿನ ರೆಡಿಂಗ್‌ಗೆ, ಮಗಳ ಮನೆಗೆ ಬಂದಿದ್ದೇನೆ. ಹೋದ ಶನಿವಾರ ಅಳಿಯಂದಿರು ಪಬ್‌ಗೆ ಕರೆದುಕೊಂಡು ಹೋಗಿ ‘ಬಿಟರ್’ ಅನ್ನೋ ಬಿಯರ್ ಕೊಡಿಸಿದರು. ತಣ್ಣಗಿಲ್ಲ, ಗ್ಯಾಸಿಲ್ಲ, ಆಲ್ಕೋಹಾಲ್ ಬರೀ 3.5 ಪರ್ಸೆಂಟ್ ಅಂತೆ. ಊರಲ್ಲಿ ಇಂಥದ್ದು ಕೊಟ್ಟಿದ್ದರೆ ಜಗಳ ಆಡುತ್ತಿದ್ದೆ. ಅಳಿಯಂದಿರ ಮುಂದೆ ಸುಮ್ನೆ ‘ಚೆನ್ನಾಗಿದೆ’ ಅಂದೆ. ನಿಜವಾಗಿ ಅದರಲ್ಲಿ ಏನಿದೆ? ಹೇಗೆ ಕುಡಿದರೆ ರುಚಿ ಗೊತ್ತಾಗುತ್ತದೆ? ನನ್ನ ಹೆಸರು ಹಾಕಬೇಡಿ.

ಉತ್ತರ: ಹಾಕಿಲ್ಲ ಸರ್, ಅಳಿಯಂದಿರೂ ಈ ಪತ್ರಿಕೆ ಓದುತ್ತಿರಬಹುದು. ನಿಮಗೆ ಕೊಟ್ಟ ಬಿಯರ್ ಹಳಸಿರಲಿಲ್ಲ, ಪಬ್ಬಿನವರ ಫ್ರಿಜ್ಜೂ ಕೆಟ್ಟಿರಲಿಲ್ಲ. ಅದು ಇರಬೇಕಾದ್ದೇ ಹಾಗೆ. ಇಂಗ್ಲೆಂಡಿನ ಹಳೇ ಕಾಲದ ಪೇಲ್ ಏಲ್ ಅದು, ಅಂದರೆ ತಿಳಿ ಬಣ್ಣದ ಒಂದು ಬಗೆಯ ಬಿಯರು. ಮಾಡುವವರು ಪೇಲ್ ಏಲ್ ಅಂತ ಕರೆದರು, ಕುಡಿಯುವವರು ಕಹಿ ಇದೆ ಅಂತ ‘ಬಿಟರ್’ ಅಂದರು, ಕುಡಿಯುವವರ ಮಾತೇ ನಿಂತಿತು.

ಬೆಚ್ಚಗಿತ್ತು ಅನ್ನಿಸಿದ್ದು ನಮ್ಮ ಅಭ್ಯಾಸದಿಂದ. ಪಬ್ಬಿನ ನೆಲಮಾಳಿಗೆಯಲ್ಲಿ ಪೀಪಾಯಿ ಮಲಗಿಸಿ ಇಟ್ಟಿರುತ್ತಾರೆ, ಬಿಯರು ಗ್ಲಾಸಿಗೆ ಬರುವುದು 11ರಿಂದ 13 ಡಿಗ್ರಿಯಲ್ಲಿ. ನಮ್ಮ ಮಣ್ಣಿನ ಮಡಕೆಯ ನೀರಿಗಿಂತ ತಂಪೇ. ನಮಗೆ ಬಿಯರ್ ಅಂದರೆ ಬಾಟಲಿ ಮೇಲೆ ನೀರಿಳಿಯಬೇಕು, ಹಲ್ಲು ಜುಮ್ಮನ್ನಬೇಕು. ಅಷ್ಟು ತಣ್ಣಗಾದರೆ ನಾಲಿಗೆ ಮರಗಟ್ಟಿ ರುಚಿಯೇ ಗೊತ್ತಾಗಲ್ಲ. ಕೆಲವು ಬಿಯರ್‌ಗಳ ರುಚಿ ಗೊತ್ತಾಗದಿರೋದೇ ಒಳ್ಳೇದು, ಆ ಮಾತು ಬೇರೆ.

ಗ್ಯಾಸ್ ವಿಷಯಕ್ಕೂ ಕಾರಣ ಆ ಪೀಪಾಯಿಯೇ. ಅದರೊಳಗೆ ಯೀಸ್ಟ್ ಇನ್ನೂ ಬದುಕಿರುತ್ತದೆ, ಪಬ್ಬಿಗೆ ಬಂದ ಮೇಲೂ ಒಳಗೆ ಮೆಲ್ಲಗೆ ಹುದುಗುತ್ತಾ ಇರುತ್ತದೆ, ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟಿನ ಹಾಗೆ. ಹಾಗೆ ಹುಟ್ಟಿದ ಗ್ಯಾಸ್ ಎಷ್ಟೋ ಅಷ್ಟೇ. ಸಿಲಿಂಡರಿನಿಂದ ಮೇಲೆ ತುಂಬಲ್ಲ. ಬಾರ್ ಕಟ್ಟೆ ಮೇಲೆ ಉದ್ದನೆಯ ಹಿಡಿಯೊಂದನ್ನು ಅವರು ಜಗ್ಗುತ್ತಿದ್ದರಲ್ಲ, ಅದು ನಮ್ಮೂರ ಬೋರ್‌ವೆಲ್ ಕೈಪಂಪಿನ ಲೆಕ್ಕವೇ. ಬೀಗ ಮತ್ತು ಹೈಡ್ರಾಲಿಕ್ ಪ್ರೆಸ್‌ಗೆ ಹೆಸರಾದ ಜೋಸೆಫ್ ಬ್ರಾಮಾ ಅನ್ನುವವರು 1797ರಲ್ಲಿ ಇಂಥ ಪಂಪಿಗೆ ಪೇಟೆಂಟ್ ತಗೊಂಡಿದ್ದರು. ಮಧ್ಯೆ ಒಂದು ಕಾಲದಲ್ಲಿ ದೊಡ್ಡ ಕಂಪನಿಗಳು ಇದೆಲ್ಲ ರಗಳೆ ಅಂತ ಫಿಲ್ಟರ್ ಮಾಡಿ, ಗ್ಯಾಸ್ ತುಂಬಿ, ತಣ್ಣಗೆ ಕೊಡೋಕೆ ಶುರು ಮಾಡಿದವು. ಅದು ಸರಿಹೋಗದ ನಾಲ್ಕು ಜನ ಗೆಳೆಯರು 1971ರಲ್ಲಿ ಕ್ಯಾಮ್ರಾ ಅನ್ನೋ ಚಳವಳಿ ಹೂಡಿದರು. ‘ರಿಯಲ್ ಏಲ್’ ಅನ್ನೋ ಮಾತು ಊರೆಲ್ಲಾ ಹರಡಿದ್ದು ಅವರಿಂದ. ನಿಮ್ಮ ಶನಿವಾರದ ಪಿಂಟು ಉಳಿದುಕೊಂಡಿದ್ದಕ್ಕೆ ಅವರಿಗೂ ಸ್ವಲ್ಪ ಥ್ಯಾಂಕ್ಸ್ ಸಲ್ಲಬೇಕು.

ಈಗ 3.5ರ ಕತೆ. ಇಂಗ್ಲೆಂಡಿನ ಬಿಯರು ಮೊದಲಿನಿಂದಲೂ ಇಷ್ಟು ತೆಳು ಇರಲಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಧಾನ್ಯಕ್ಕೆ ತತ್ವಾರ ಬಂತು. ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು ಕುಡಿದು ಬರಬಾರದು ಅಂತ ಸರ್ಕಾರ ಪಬ್ಬಿನ ಹೊತ್ತು ಕಡಿಮೆ ಮಾಡಿತು, ತೆರಿಗೆ ಏರಿಸಿತು, ಬಿಯರಿನ ಬಲವೂ ಇಳಿಯಿತು. ಯುದ್ಧ ಮುಗಿದ ಮೇಲೂ ಅದು ಹಳೇ ಮಟ್ಟಕ್ಕೆ ವಾಪಸ್ ಹೋಗಲೇ ಇಲ್ಲ. ಜನ ಅಷ್ಟರಲ್ಲಿ ಒಂದು ಗ್ಲಾಸಿನ ಜಾಗದಲ್ಲಿ ಮೂರು ಗ್ಲಾಸು ಕುಡಿದು, ಹರಟೆ ಹೊಡೆದು, ನೆಟ್ಟಗೆ ನಡೆದು ಮನೆ ಸೇರೋದನ್ನ ಕಲಿತುಬಿಟ್ಟಿದ್ದರು. ಈಚೆಗೆ ಇನ್ನೊಂದು ಆಗಿದೆ. 2023ರ ಆಗಸ್ಟಿನಿಂದ ಬ್ರಿಟನ್ನಿನಲ್ಲಿ 3.5 ಪರ್ಸೆಂಟಿಗಿಂತ ಕೆಳಗಿನ ಬಿಯರಿಗೆ ತೆರಿಗೆ ಕಡಿಮೆ. ಹಾಗಾಗಿ ಕೆಲವರು ತಮ್ಮ ಹಳೇ ಬಿಯರನ್ನು ಸದ್ದಿಲ್ಲದೆ 3.4ಕ್ಕೆ ಇಳಿಸಿದ್ದಾರೆ. ಇದು ನನಗೆ ಅಷ್ಟು ಹಿಡಿಸಿಲ್ಲ. ಮೊದಲಿನಿಂದ 3.4ಕ್ಕೇ ಅಂತ ಹದ ಮಾಡಿದ ಬಿಯರು ಬೇರೆ, 4 ಇದ್ದದ್ದಕ್ಕೆ ನೀರು ಬಿಟ್ಟ ಹಾಗೆ ಇಳಿಸಿದ್ದು ಬೇರೆ, ಕುಡಿದರೆ ಗೊತ್ತಾಗುತ್ತದೆ.

ತೆಳು ಅಂದ ತಕ್ಷಣ ಸಪ್ಪೆ ಅಂದುಕೊಳ್ಳಬೇಡಿ ಸರ್. ತಿಳಿಸಾರು ತೆಳು ಅಲ್ವಾ? ಹುಳಿಯಲ್ಲಿ ತರಕಾರಿ, ಬೇಳೆ, ಕಾಯಿ ಎಲ್ಲ ಇರೋದ್ರಿಂದ ಕೈ ಸ್ವಲ್ಪ ಆಚೀಚೆ ಆದರೂ ನಡೆದುಹೋಗುತ್ತದೆ. ತಿಳಿಸಾರಿನಲ್ಲಿ ಉಪ್ಪು ಒಂದು ಚಿಟಿಕೆ ಜಾಸ್ತಿಯಾದರೆ ಊಟದ ಮನೆಯೆಲ್ಲ ಹೇಳುತ್ತದೆ. ಬಿಯರಿನಲ್ಲೂ ಹಾಗೇ. ಆಲ್ಕೋಹಾಲ್ ಒಂಥರಾ ಸಿಹಿಯನ್ನೂ ದಪ್ಪವನ್ನೂ ಕೊಡುತ್ತದೆ, ಎಷ್ಟೋ ತಪ್ಪು ಅದರ ಕೆಳಗೆ ಮುಚ್ಚಿಹೋಗುತ್ತದೆ. ಇಲ್ಲಿ ಆ ಸೌಲಭ್ಯ ಇಲ್ಲ.

ಆಕ್ಸ್‌ಫರ್ಡ್‌ಶೈರಿನಲ್ಲಿ ಹುಕ್ ನಾರ್ಟನ್ ಅಂತ ಒಂದು ಹಳ್ಳಿ, ಅಲ್ಲಿ ಅದೇ ಹೆಸರಿನ ಬ್ರೂವರಿ. ಶುರುವಾಗಿದ್ದು 1849ರಲ್ಲಿ, ಈಗಲೂ ಹತ್ತಿರದ ಪಬ್ಬುಗಳಿಗೆ ಕುದುರೆ ಗಾಡಿಯಲ್ಲಿ ಪೀಪಾಯಿ ಕಳಿಸುತ್ತಾರೆ. ಅವರ ‘ಹುಕಿ’ 3.5 ಪರ್ಸೆಂಟು. ನಾನು ಅದನ್ನು ಕುಡಿದಾಗ ಬರೆದಿಟ್ಟ ಚೀಟಿ ಇನ್ನೂ ಇದೆ, ಅದನ್ನೇ ಹೇಳುತ್ತೇನೆ. ಬಣ್ಣ ಬೆಲ್ಲದ ಪಾನಕದ್ದು, ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುವಷ್ಟು ತಿಳಿ. ಮೇಲೆ ನೊರೆ ಒಂದು ಬೆರಳಿಗಿಂತ ಕಮ್ಮಿ. ಮೂಗಿಗೆ ಮೊದಲು ಸಿಕ್ಕಿದ್ದು ಬಿಸ್ಕತ್ತಿನ ವಾಸನೆ, ಆಮೇಲೆ ಮಳೆ ನಿಂತ ಮೇಲಿನ ಹುಲ್ಲಿನ ಬಣವೆ. ಮೊದಲ ಗುಟುಕು ‘ಇಷ್ಟೇನಾ’ ಅನ್ನಿಸಿತು. ಎರಡನೆಯದೂ ಅಷ್ಟೇ. ಗ್ಲಾಸು ಅರ್ಧಕ್ಕೆ ಬಂದು ಸ್ವಲ್ಪ ಚಳಿ ಬಿಟ್ಟ ಮೇಲೆ ಹುರಿದ ಧಾನ್ಯದ ಸಿಹಿ ಕಾಣಿಸಿತು, ಅದರ ಬೆನ್ನಿಗೆ ಕಿತ್ತಳೆ ಸಿಪ್ಪೆಯಂಥ ಕಹಿ. ನುಂಗಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಒಂದಿಷ್ಟು ಒಗರು ನಿಂತು, ಬಾಯಿ ಒಣಗಿ, ಕೈ ತಾನಾಗೇ ಗ್ಲಾಸಿನ ಕಡೆ ಹೋಯಿತು. ಈ ಬಿಯರಿನ ಕಸುಬು ಇರೋದು ಅಲ್ಲೇ, ಬಾಯಿ ಒಣಗಿಸೋದರಲ್ಲಿ.

ಹಾಗಾಗಿ ಮುಂದಿನ ಶನಿವಾರ ಹೀಗೆ ಮಾಡಿ. ಸ್ಯಾಂಪಲ್ ಕೇಳಿ ಎರಡು ಚಮಚ ಕುಡಿದು ತೀರ್ಮಾನ ಮಾಡಬೇಡಿ, ಅಷ್ಟರಲ್ಲಿ ಏನೂ ಗೊತ್ತಾಗಲ್ಲ. ಪೂರ್ತಿ ಪಿಂಟೇ ತಗೊಳ್ಳಿ, ಅಂದರೆ 568 ಎಂಎಲ್. ಅರ್ಧ ಗಂಟೆ ಇಟ್ಟುಕೊಳ್ಳಿ. ಸಣ್ಣ ಗುಟುಕು ಬೇಡ, ಮಜ್ಜಿಗೆ ಕುಡಿದ ಹಾಗೆ ಬಾಯಿ ತುಂಬ ಕುಡಿಯಿರಿ. ಜೊತೆಗೆ ಉಪ್ಪು ಹಚ್ಚಿದ ಕಡಲೆಬೀಜ ಇರಲಿ. ಮಗಳ ಮನೆಯಲ್ಲೇ ಕುಡಿಯೋದಾದರೆ ನಿಮ್ಮೂರ ಮಂಡಕ್ಕಿ ಒಪ್ಪುತ್ತದೆ, ಮೆಣಸಿನಕಾಯಿ ಮಾತ್ರ ಬೇಡ. ಬಿಯರಿಗೆ ಕಹಿ ಕೊಡೋದು ಹಾಪ್ಸ್ ಅನ್ನೋ ಹೂವು, ಅದರ ಕಹಿಗೆ ಖಾರ ಸೇರಿದರೆ ಉರಿ ದುಪ್ಪಟ್ಟು, ಪಾಪ ಬಿಯರಿನ ರುಚಿ ಎಲ್ಲೋ ಹೋಗುತ್ತದೆ.

ಪ್ರಶ್ನೆ: ನಾವು ಮನೆಯಲ್ಲಿ ಮೊಟ್ಟೆಯನ್ನೂ ತಿನ್ನಲ್ಲ. ಇಂಗ್ಲೆಂಡಿನ ಪೀಪಾಯಿ ಬಿಯರಿನಲ್ಲಿ ಮೀನು ಹಾಕುತ್ತಾರೆ ಅಂತ ನನ್ನ ಯಜಮಾನರ ಆಫೀಸಿನಲ್ಲಿ ಯಾರೋ ಹೇಳಿದರಂತೆ. ತಮಾಷೆಯಾ? — ಓದುಗರೊಬ್ಬರು, ಮಿಲ್ಟನ್ ಕೀನ್ಸ್

ಉತ್ತರ: ತಮಾಷೆ ಅಲ್ಲಮ್ಮ. ಐಸಿಂಗ್ಲಾಸ್ ಅಂತ ಒಂದು ಪದಾರ್ಥ ಇದೆ. ಕೆಲವು ಜಾತಿ ಮೀನಿನ ಹೊಟ್ಟೆಯೊಳಗೆ ಗಾಳಿಚೀಲ ಇರುತ್ತದಲ್ಲ, ಅದನ್ನು ಒಣಗಿಸಿ ಮಾಡಿದ್ದು. ಅದನ್ನು ಪೀಪಾಯಿಗೆ ಸ್ವಲ್ಪ ಹಾಕಿದರೆ ಯೀಸ್ಟ್ ಎಲ್ಲ ಅದಕ್ಕೆ ಅಂಟಿಕೊಂಡು ತಳಕ್ಕೆ ಇಳಿಯುತ್ತದೆ, ಮೇಲಿನ ಬಿಯರು ತಿಳಿಯಾಗುತ್ತದೆ. ನಿಮ್ಮ ಗ್ಲಾಸಿಗೆ ಬರುವುದು ತಿಳಿಯೇ, ಮಡ್ಡಿ ತಳದಲ್ಲೇ ಉಳಿಯುತ್ತದೆ. ಆದರೆ ‘ತಳದಲ್ಲಿದೆ, ನನಗೇನು’ ಅನ್ನೋದು ನಿಮ್ಮ ಮನೆಯ ಲೆಕ್ಕಕ್ಕೆ ಸರಿಹೋಗುತ್ತದೋ ಇಲ್ಲವೋ ನಾನು ಹೇಳೋಕೆ ಬರಲ್ಲ. ಬೇಡ ಅಂದರೆ ‘ಅನ್‌ಫೈನ್ಡ್’ ಇದೆಯಾ ಅಂತ ಕೇಳಿ. ಹಾಗೆ ಬರುವ ಬಿಯರು ಸ್ವಲ್ಪ ಮಬ್ಬಾಗಿರುತ್ತದೆ, ರುಚಿಗೆ ಏನೂ ಕೊರತೆ ಇಲ್ಲ. ಈಚೆಗೆ ಹೀಗೆ ಮಾಡುವ ಬ್ರೂವರಿಗಳು ಜಾಸ್ತಿಯಾಗಿವೆ. ಬಾರಿನಲ್ಲಿ ಕೇಳೋಕೆ ಸಂಕೋಚ ಬೇಡ, ವೀಗನ್ ಜನ ದಿನಾ ಕೇಳುತ್ತಾರೆ.

ಪ್ರಶ್ನೆ: ಹುಳಿಯಾಗಿದ್ದರೆ ವಾಪಸ್ ಕೊಡಬಹುದಾ? ಅಥವಾ ಅದೂ ಸಂಪ್ರದಾಯವಾ? — ವಿದ್ಯಾರ್ಥಿ, ಲೀಡ್ಸ್

ಉತ್ತರ: ಕೊಡಬಹುದು, ಕೊಡಲೇಬೇಕು. ಪೀಪಾಯಿ ತೆರೆದ ಮೇಲೆ ಬಿಯರು ಖಾಲಿಯಾದ ಹಾಗೆ ಒಳಗೆ ಗಾಳಿ ಹೋಗುತ್ತದೆ. ಮೂರು ದಿನದೊಳಗೆ ಮುಗಿಸಿದರೆ ಸರಿ, ಆಮೇಲೆ ವಿನಿಗರ್ ದಾರಿ ಹಿಡಿಯುತ್ತದೆ. ‘ಫರ್ಕಿನ್’ ಅನ್ನೋ ಮಾಮೂಲಿ ಪೀಪಾಯಿಯಲ್ಲಿ 72 ಪಿಂಟ್ ಹಿಡಿಯುತ್ತದೆ, ಗಿರಾಕಿ ಕಡಿಮೆ ಇರುವ ಕಡೆ ಇದೇ ಕಷ್ಟ. ಅದಕ್ಕೇ ನನ್ನ ನಿಯಮ: ಎಂಟು ಪಂಪು ಸಾಲಾಗಿ ನಿಲ್ಲಿಸಿರುವ ಖಾಲಿ ಪಬ್ಬಿಗಿಂತ ಎರಡೇ ಪಂಪಿರುವ ಗಿಜಿಗುಡುವ ಪಬ್ಬು ಮೇಲು.

ನಾನೊಂದು ಸಲ ಥೇಮ್ಸ್ ದಂಡೆಯ ಒಂದು ಊರಿನಲ್ಲಿ, ಬಾಗಿಲು ತೆಗೆದ ಹೊತ್ತಿಗೇ ಹೋಗಿ ದಿನದ ಮೊದಲ ಪಿಂಟು ಕೇಳಿದೆ. ರಾತ್ರಿಯಿಡೀ ಪೈಪಿನಲ್ಲಿ ನಿಂತಿದ್ದ ಬಿಯರು ಅದು, ಅದನ್ನು ಚೆಲ್ಲಿ ಹೊಸದು ಜಗ್ಗಬೇಕಿತ್ತು, ಹುಡುಗ ಜಗ್ಗಿರಲಿಲ್ಲ. ಎರಡು ದಿನದ ಅಂಬಲಿಯ ಹುಳಿ. ನಾನು ನಮ್ಮೂರ ಬುದ್ಧಿ, ಯಾಕೆ ಗಲಾಟೆ ಅಂತ ಅರ್ಧ ಕುಡಿದೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಜ್ಜ ನನ್ನ ಮುಖ ನೋಡಿದರು, ಕೇಳದೆಯೇ ಗ್ಲಾಸು ಎತ್ತಿಕೊಂಡು ಮೂಸಿದರು, ಹೋಗಿ ಬಾರ್ ಮೇಲೆ ಇಟ್ಟರು. ಒಂದು ಮಾತಿಲ್ಲ, ಹೊಸ ಪಿಂಟು ಬಂತು. ನೀವಿರೋದು ಲೀಡ್ಸ್, ಅಂದರೆ ಉತ್ತರ ಭಾಗ. ಅಲ್ಲಿ ಪಂಪಿನ ಮೂತಿಗೆ ಸ್ಪಾರ್ಕ್ಲರ್ ಅನ್ನೋ ಸಣ್ಣ ಜಾಲರಿ ಹಾಕಿರುತ್ತಾರೆ, ಫಿಲ್ಟರ್ ಕಾಫಿಯನ್ನು ಮೇಲಿಂದ ಎತ್ತಿ ಹೊಯ್ದ ಹಾಗೆ ದಪ್ಪ ನೊರೆ ಬರುತ್ತದೆ. ದಕ್ಷಿಣದವರಿಗೆ ಆ ನೊರೆ ಕಂಡರಾಗದು. ಇಬ್ಬರನ್ನೂ ಒಂದೇ ಟೇಬಲ್ಲಿಗೆ ಕೂರಿಸಿ ಈ ಮಾತು ಎತ್ತಬೇಡಿ.

ಪ್ರಶ್ನೆ: ಪೇಲ್ ಏಲ್‌ನ ಅಣ್ಣ ಐಪಿಎ (ಇಂಡಿಯಾ ಪೇಲ್ ಏಲ್) ಭಾರತಕ್ಕೆಂದೇ ಹುಟ್ಟಿದ್ದಂತೆ. ಹಾಗಿದ್ದರೆ ಬೆಂಗಳೂರಿನಲ್ಲಿ ಈ 3.5ರ ತಮ್ಮ ಯಾಕೆ ಸಿಗಲ್ಲ? — ಓದುಗ, ಜಯನಗರ

ಉತ್ತರ: ಅಣ್ಣನ ಕತೆ ಅರ್ಧ ನಿಜ. ಲಂಡನ್ನಿನ ಬೋ ಎಂಬಲ್ಲಿ ಹಾಡ್ಜ್‌ಸನ್ ಅನ್ನೋ ಬ್ರೂವರಿ ಇತ್ತು, ಈಸ್ಟ್ ಇಂಡಿಯಾ ಕಂಪನಿಯ ಹಡಗು ನಿಲ್ಲುವ ಜಾಗಕ್ಕೆ ಹತ್ತಿರ. ಆಗಲೇ ಇದ್ದ ಗಟ್ಟಿ ಪೇಲ್ ಏಲನ್ನು ಅಲ್ಲಿಂದ ಹಡಗಿಗೆ ಏರಿಸುತ್ತಿದ್ದರು, ತಿಂಗಳುಗಟ್ಟಲೆ ಅಲೆ ಮೇಲೆ ಕುಲುಕಿ ಅದು ಕಲ್ಕತ್ತಾ, ಮದರಾಸು ಮುಟ್ಟುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನವರು ಈ ವ್ಯಾಪಾರಕ್ಕೆ ಇಳಿದರು. ಅಲ್ಲಿನ ಬಾವಿ ನೀರಿನಲ್ಲಿ ಜಿಪ್ಸಮ್ ಜಾಸ್ತಿ, ಕಹಿ ಚುರುಕಾಗಿ ಬರುತ್ತದೆ. ಈಗಲೂ ಬೇರೆ ಊರಿನವರು ತಮ್ಮ ನೀರಿಗೆ ಜಿಪ್ಸಮ್ ಬೆರೆಸಿ ಆ ನೀರಿನ ನಕಲು ಮಾಡುತ್ತಾರೆ. ಹಡಗಿನಲ್ಲಿ ಬರುತ್ತಿದ್ದದ್ದನ್ನು ಕುಡಿಯುತ್ತಿದ್ದದ್ದು ಇಲ್ಲಿನ ಬಿಳಿಯರು, ನಾವಲ್ಲ.

ತಮ್ಮ ಸಿಗದಿರೋಕೆ ಕಾರಣ ಸರಳ. ಪೀಪಾಯಿಗೆ 12 ಡಿಗ್ರಿಯ ನೆಲಮಾಳಿಗೆ ಬೇಕು, ಮೂರು ದಿನದಲ್ಲಿ ಮುಗಿಸುವ ಗಿರಾಕಿ ಬೇಕು. ನಮ್ಮಲ್ಲಿ ಕೊಟ್ಟ ದುಡ್ಡಿಗೆ ಎಷ್ಟು ಏರುತ್ತದೆ ಅನ್ನೋದೇ ಮೊದಲ ಪ್ರಶ್ನೆ, ಸ್ಟ್ರಾಂಗ್ ಅಂತ ಬರೆದದ್ದೇ ಮೊದಲು ಖಾಲಿಯಾಗೋದು. ಬೆಂಗಳೂರಿನ ಮೈಕ್ರೊಬ್ರೂವರಿಯವರು ಮನಸ್ಸು ಮಾಡಿದರೆ ಮಾಡಬಲ್ಲರು. ಆದರೆ ‘ಬಿಯರ್ ತಣ್ಣಗಿಲ್ಲ’ ಅಂತ ಮೊದಲ ಟೇಬಲ್ಲೇ ಮ್ಯಾನೇಜರನ್ನು ಕರೆಸುತ್ತದೆ.

ಪ್ರಶ್ನೆ: 3.5 ಅಷ್ಟೇ ತಾನೇ, ಒಂದು ಪಿಂಟ್ ಕುಡಿದು ಕಾರು ಓಡಿಸಬಹುದಾ? — ಓದುಗ, ಸ್ಲೌ

ಉತ್ತರ: ಬೇಡ. ಆ ಒಂದು ಪಿಂಟೇ ಬ್ರಿಟನ್ನಿನ ಲೆಕ್ಕದಲ್ಲಿ ಎರಡು ಯೂನಿಟ್ (ಒಂದು ಯೂನಿಟ್ ಅಂದರೆ 10 ಎಂಎಲ್ ಶುದ್ಧ ಆಲ್ಕೋಹಾಲ್). ಗಾಡಿ ಓಡಿಸುವವರಿಗೆ ಇಂಗ್ಲೆಂಡಿನಲ್ಲಿ 100 ಎಂಎಲ್ ರಕ್ತಕ್ಕೆ 80 ಮಿಲಿಗ್ರಾಂ ಆಲ್ಕೋಹಾಲ್ ಮಿತಿ, ಸ್ಕಾಟ್‌ಲೆಂಡಿನಲ್ಲಿ 50, ನಮ್ಮ ದೇಶದಲ್ಲಿ 30. ಬ್ರಿಟನ್ನಿನಲ್ಲಿ ‘ಲೋ ಆಲ್ಕೋಹಾಲ್’ ಅಂತ ಚೀಟಿ ಅಂಟಿಸಬೇಕಾದರೆ 1.2 ಪರ್ಸೆಂಟ್ ದಾಟಬಾರದು, ಬಿಟರ್ ಆ ಸಾಲಿಗೆ ಸೇರಲ್ಲ. ಬಸ್ಸು ಹಿಡಿಯಿರಿ.

ಪ್ರಶ್ನೆ: ತಮ್ಮ ಲಂಡನ್ನಿನಿಂದ ಎರಡು ಬಾಟಲಿ ತಂದುಕೊಟ್ಟಿದ್ದಾನೆ. ‘ಬಾಟಲ್ ಕಂಡೀಷನ್ಡ್’ ಅಂತಿದೆ, ತಳದಲ್ಲಿ ಏನೋ ಕೂತಿದೆ. ಎಸೆಯಲಾ? — ಓದುಗ, ಹುಬ್ಬಳ್ಳಿ

ಉತ್ತರ: ಎಸೀಬ್ಯಾಡ್ರಿ! ಅದು ಯೀಸ್ಟು, ಬಾಟಲಿಯೊಳಗೇ ಹುದುಗಿದ್ದರ ಗುರುತು. ಒಂದು ದಿನ ನೆಟ್ಟಗೆ ನಿಲ್ಲಿಸಿಡಿ, ಬಿಸಿಲು ತಾಗಬಾರದು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ, ಹುಬ್ಬಳ್ಳಿ ಬೇಸಿಗೆಯಾದರೆ ಹತ್ತು ನಿಮಿಷ ಸಾಕು. ಗ್ಲಾಸು ಓರೆ ಹಿಡಿದು ಒಂದೇ ಸಲಕ್ಕೆ ಬಗ್ಗಿಸಿ. ನಡುವೆ ನಿಲ್ಲಿಸಿದರೆ ಮಡ್ಡಿ ಏಳುತ್ತದೆ. ಕೊನೆಯ ಒಂದು ಬೆರಳಷ್ಟು ಬಾಟಲಿಯಲ್ಲೇ ಬಿಡಿ. ಎರಡನೇ ಬಾಟಲಿಯನ್ನು ಬೇಕಂತಲೇ ಮಡ್ಡಿ ಸಮೇತ ಬಗ್ಗಿಸಿ ಕುಡಿದು ನೋಡಿ, ಯಾವುದು ಹಿಡಿಸಿತು ಅಂತ ನನಗೂ ಬರೆಯಿರಿ.