‘ಟಕ್’ ಸದ್ದು ಕೇಳಿ ಕೋರ್ಸು ಆರಿಸಬೇಡ

ಪ್ರಶ್ನೆ: ಮೇಡಂ, ನಾನು ಎರಡನೇ ಪಿಯುಸಿ, ಸೈನ್ಸ್. ಅಪ್ಪನಿಗೆ ತುಂಬಾ ದಿನದಿಂದ ಬೆನ್ನುನೋವು. ಕೈರೋಪ್ರಾಕ್ಟರ್‌ಗಳು ಬೆನ್ನು, ಕುತ್ತಿಗೆ ‘ಟಕ್’ ಅನ್ನಿಸಿ ನೋವು ತೆಗೆಯುವುದನ್ನು ಮೊಬೈಲಿನಲ್ಲಿ ನೋಡಿ, ಅದನ್ನೇ ಓದುವ ಆಸೆಯಾಗಿದೆ. ಮನೆಯಲ್ಲಿ ಫಿಸಿಯೋಥೆರಪಿ ಓದು ಅಂತಾರೆ. ಯಾವುದು ಒಳ್ಳೆಯದು?
– ವಿದ್ಯಾರ್ಥಿನಿ, ಚಳ್ಳಕೆರೆ

ಉತ್ತರ: ಮಗಳೇ, ನಾನು ದಾವಣಗೆರೆಯಲ್ಲಿ 19 ವರ್ಷದಿಂದ ಫಿಸಿಯೋಥೆರಪಿಸ್ಟ್. ನನ್ನ ಮಾತು ಸ್ವಲ್ಪ ಈ ಕಡೆಗೇ ವಾಲುತ್ತದೆ, ಅದನ್ನು ತಿಳಿದೇ ಓದು.

ಕೈರೋಪ್ರಾಕ್ಟಿಕ್ ಶುರುವಾಗಿದ್ದು 1895ರಲ್ಲಿ, ಅಮೆರಿಕದ ಡ್ಯಾವೆನ್‌ಪೋರ್ಟ್‌ನಲ್ಲಿ, ಡಿ.ಡಿ. ಪಾಮರ್ ಅವರಿಂದ. ಅಲ್ಲಿ ಅದಕ್ಕೆ ಲೈಸೆನ್ಸ್ ಇದೆ. ಕಾಲೇಜು ಓದಿನ ಮೇಲೆ ಸುಮಾರು ನಾಲ್ಕು ವರ್ಷದ ಕೋರ್ಸು. ನಮ್ಮಲ್ಲಿ ಹಾಗಿಲ್ಲ. 2021ರಲ್ಲಿ ಆರೋಗ್ಯ ವೃತ್ತಿಗಳಿಗೆ ಕೇಂದ್ರದ ಕಾನೂನು ಬಂತು. ಅದರ ಪಟ್ಟಿಯಲ್ಲಿ ಫಿಸಿಯೋಥೆರಪಿ ಇದೆ, ಕೈರೋಪ್ರಾಕ್ಟಿಕ್ ಇಲ್ಲ. ಸಾಲ ಮಾಡಿ ಹೊರದೇಶದಲ್ಲಿ ಓದಿ ಬಂದರೆ ಇಲ್ಲಿ ಯಾವ ಕೌನ್ಸಿಲ್‌ನಲ್ಲಿ ಹೆಸರು ಬರೆಸುತ್ತೀಯ? ಅಲ್ಲೇ ನೆಲೆಸುವ ಮನಸ್ಸಿದ್ದರೆ ಮಾತು ಬೇರೆ. ನಾಲ್ಕು ದಿನ ಕಲಿಸಿ ಸರ್ಟಿಫಿಕೇಟ್ ಕೊಡುವವರ ಹತ್ತಿರವಂತೂ ಹೋಗಲೇಬೇಡ. ಕುತ್ತಿಗೆಯನ್ನು ಜೋರಾಗಿ ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಲಕ್ವ ಹೊಡೆದದ್ದಿದೆ. ಅಪರೂಪ, ಆದರೆ ಇದೆ. ಇನ್ನು ಆ ‘ಟಕ್’, ಅದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಏಳುವಾಗ ಬರುವ ಸದ್ದು. ಬೆರಳು ನೆಟಿಗೆ ತೆಗೆದ ಹಾಗೆ.

ನಮ್ಮ ಕೆಲಸದಲ್ಲಿ ಅಂಥ ಸದ್ದು ಕಡಿಮೆ, ದಿನ ಜಾಸ್ತಿ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ಅಕ್ಕ ಬಂದಿದ್ದರು. ಬಲಭುಜ ಹಿಡಿದುಬಿಟ್ಟಿತ್ತು. ಗೋಡೆಗೆ ಬೆರಳು ಹಚ್ಚಿ ಇರುವೆ ಹತ್ತಿದ ಹಾಗೆ ಮೇಲೆ ಮೇಲೆ ನಡೆಸಿ ಅಂದೆ. ಎಲ್ಲಿಯವರೆಗೆ ಮುಟ್ಟಿತೋ ಅಲ್ಲಿ ದಿನಾ ಸೀಮೆಸುಣ್ಣದ ಗೆರೆ. ಕೆಲವು ವಾರ ಗೆರೆ ಅಲ್ಲಾಡಲೇ ಇಲ್ಲ, ಅವರು ಅತ್ತೂಬಿಟ್ಟರು. ನಾಲ್ಕನೇ ತಿಂಗಳು ಒಂದು ಬೆಳಿಗ್ಗೆ ಬಂದವರೇ ಬೆನ್ನು ತಿರುಗಿಸಿ ನಿಂತರು. ತುರುಬು ತಾವೇ ಕಟ್ಟಿಕೊಂಡಿದ್ದರು, ಹೂವನ್ನೂ ಮುಡಿದಿದ್ದರು.

ಈ ಕೆಲಸ ಹೀಗೇ ಮಗಳೇ. ಕಾಯುವ ತಾಳ್ಮೆ ಇದೆಯಾ, ನೋಡಿಕೋ.

ಫಿಸಿಯೋಥೆರಪಿಯ ಡಿಗ್ರಿಗೆ ಬಿಪಿಟಿ ಅಂತಾರೆ. ನಾಲ್ಕು ವರ್ಷ ಓದು, ಆಮೇಲೆ ಇಂಟರ್ನ್‌ಶಿಪ್. ಬೇಕಿದ್ದರೆ ಅದರ ಮೇಲೆ 2 ವರ್ಷದ ಸ್ನಾತಕೋತ್ತರ ಓದು, ಎಂಪಿಟಿ. ಮೂಳೆ, ನರ, ಮಕ್ಕಳು, ಕ್ರೀಡೆ, ಯಾವ ಕಡೆಗಾದರೂ ಹೋಗಬಹುದು. ದುಡ್ಡಿನ ವಿಷಯ ಮುಚ್ಚಿಡಲ್ಲ: ನನ್ನ ಮೊದಲ ಸಂಬಳ 6,000 ರೂಪಾಯಿ, ಸ್ವಂತ ಕ್ಲಿನಿಕ್‌ನಲ್ಲಿ ನನ್ನ ಕಾಲ ಮೇಲೆ ನಿಲ್ಲೋಕೆ ಐದು ವರ್ಷ ಹಿಡಿಯಿತು. ಬೆನ್ನು, ಕುತ್ತಿಗೆಗೆ ಕೈಯಿಂದ ಮಾಡುವ ಚಿಕಿತ್ಸೆ ಇದರಲ್ಲೂ ಇದೆ. ನಿನಗೆ ಇಷ್ಟವಾದದ್ದು ಅದೇ ಅಲ್ವಾ?

ಅಪ್ಪನನ್ನು ಮೊದಲು ಮೂಳೆ ಡಾಕ್ಟರಿಗೆ ತೋರಿಸು. ಕಾಲಿನ ಶಕ್ತಿ ಕಡಿಮೆಯಾದರೆ, ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಡಾಕ್ಟರು ನೋಡುವವರೆಗೆ ಅವರ ಬೆನ್ನನ್ನು ಯಾರಿಗೂ ‘ಟಕ್’ ಅನ್ನಿಸೋಕೆ ಬಿಡಬೇಡ.