ಮಾವ ಇಲ್ಲದ ಮನೆ ಹುಡುಕಿದ ದಲ್ಲಾಳಿ

ಪ್ರಶ್ನೆ: ಅಮ್ಮಾ, ಮದುವೆಗೆ ಮುಂಚೆ ಹುಡುಗನ ಜತೆ ಬಾಯಿಬಿಟ್ಟು ಮಾತಾಡಿ ಅಂತ ಸದಾ ಬರೆಯುತ್ತೀರಿ. ನಿಮ್ಮ ಮದುವೆ ದಲ್ಲಾಳಿ ಕುದುರಿಸಿದ್ದು ಅಂತಲೂ ಒಮ್ಮೆ ಬರೆದಿದ್ದಿರಿ. ನೀವು ಮಾತಾಡಿದ್ದಿರಾ? ನನಗೀಗ 27. ಆ್ಯಪ್‌ಗಳಲ್ಲಿ ಹುಡುಕಿ ಬೇಸತ್ತು ಅಪ್ಪ ಒಬ್ಬ ಬ್ರೋಕರ್ ಹಿಡಿದಿದ್ದಾರೆ. ಭಾನುವಾರ ಗಂಡಿನ ಕಡೆಯವರು ಬರ್ತಾರಂತೆ. ಎಂ.ಟೆಕ್ ಓದಿ ಇದೇನವತಾರ ಅನ್ನಿಸ್ತಿದೆ.
– ಓದುಗರು, ದಾವಣಗೆರೆ

ಉತ್ತರ: ಮಾತಾಡಿದ್ದೆ ಕಣಮ್ಮ. ಆದರೆ ಮೊದಲು ದಲ್ಲಾಳಿ ವಿಷಯ ಹೇಳಿಬಿಡುತ್ತೇನೆ. ಮದುವೆ ಊಟ ಮುಗಿದ ಮೇಲೆ ಅವರನ್ನು ಯಾರೂ ನೆನೆಯುವುದಿಲ್ಲ.

1979ರ ಮಾತು, ತರೀಕೆರೆ. ನಮ್ಮ ದಲ್ಲಾಳಿ ಅಡಿಕೆ ಮಂಡಿಯ ಗುಮಾಸ್ತರು. ಯಾರ ತೋಟ ಸಾಲದಲ್ಲಿದೆ, ಯಾರ ಮನೆಯಲ್ಲಿ ಮದುವೆಗೆ ಬಂದವರಿದ್ದಾರೆ, ಎಲ್ಲ ನಾಲಿಗೆ ತುದಿಯಲ್ಲಿ. ಚೀಲದ ಒಂದು ಕಡೆ ಅಡಿಕೆ ಸ್ಯಾಂಪಲ್ಲು, ಇನ್ನೊಂದು ಕಡೆ ಜಾತಕದ ಕಟ್ಟು. ಗಂಡುಗಳನ್ನೂ ಮಂಡಿಯ ಅಡಿಕೆ ದರ್ಜೆಗಳ ಲೆಕ್ಕದಲ್ಲೇ, ಮೇಲಿನಿಂದ ಕೆಳಕ್ಕೆ ವಿಂಗಡಿಸುತ್ತಿದ್ದರು: ಬ್ಯಾಂಕಿನವನು ಸರಕು, ಮೇಷ್ಟ್ರು ಬೆಟ್ಟೆ, ಫ್ಯಾಕ್ಟರಿಯವನು ರಾಶಿ. ಕಡೆಯ ದರ್ಜೆಯ ಗೊರಬಲು ಯಾರು ಅಂದರೆ ಸುಮ್ಮನೆ ನಗುತ್ತಿದ್ದರು.

ನನ್ನದು ಮೂಲಾ ನಕ್ಷತ್ರ. ಮೂಲಾ ಹೆಣ್ಣು ಮಾವನಿಗಾಗಲ್ಲ ಎಂಬ ಮಾತಿದೆಯಲ್ಲ, ಹಾಗಾಗಿ ನನ್ನ ಜಾತಕ ಹೋದಷ್ಟೇ ಬೇಗ ವಾಪಸು ಬರುತ್ತಿತ್ತು. ಆಶ್ಲೇಷಾ ಅತ್ತೆಗಾಗಲ್ಲ, ಜ್ಯೇಷ್ಠಾ ಭಾವನಿಗಾಗಲ್ಲ, ವಿಶಾಖಾ ಮೈದುನನಿಗಾಗಲ್ಲ. ಗಂಡಿನ ನಕ್ಷತ್ರದಿಂದ ಹೆಣ್ಣಿನ ಅಪ್ಪನಿಗೆ ಕಂಟಕ ಅಂತ ಯಾರಾದರೂ ಸಂಬಂಧ ಬಿಟ್ಟದ್ದನ್ನು ನಾನಂತೂ ಕಂಡಿಲ್ಲ. ಸೋತ ಅಪ್ಪ ಜಾತಕ ತಿದ್ದಿಸಲು ಹೊರಟರು. ದಲ್ಲಾಳಿ ಬಿಡಲಿಲ್ಲ. “ಸುಳ್ಳು ಯಾಕೆ ಸ್ವಾಮಿ? ಮಾವ ಇಲ್ಲದ ಮನೇನೇ ಹುಡುಕಿದರಾಯ್ತು” ಅಂದರು. ಹುಡುಕಿಯೇಬಿಟ್ಟರು! ಭದ್ರಾವತಿ ಕಬ್ಬಿಣದ ಕಾರ್ಖಾನೆ, ಪರ್ಮನೆಂಟ್, ಕ್ವಾರ್ಟರ್ಸ್, ತಾಯಿ ಒಬ್ಬರೇ. ನಂಬಿಕೆ ಮೂಢವೇ ಇರಬಹುದು, ಆ ಮನುಷ್ಯನ ತಲೆ ಮಾತ್ರ ಚುರುಕು.

ಗಂಡು ಬಂದದ್ದು ಬೆಳಗಿನ ರೈಲಿಗೆ. ಕಣ್ಣು ಕೆಂಡದ ಹಾಗೆ. ಕೇಸರಿಬಾತು ಬಡಿಸುತ್ತಿದ್ದ ನನ್ನ ಚಿಕ್ಕಮ್ಮ ಒಳಗೆ ಬಂದು “ಕುಡೀತಾನೆ” ಅಂತ ತೀರ್ಪು ಕೊಟ್ಟಳು. ನಾನು ಹಿತ್ತಲ ಬಾಗಿಲಿಂದ ದಲ್ಲಾಳಿಯನ್ನು ಕರೆಸಿ, ಹುಡುಗನ ಹತ್ತಿರ ಒಂದು ಮಾತು ಕೇಳಬೇಕು ಅಂದೆ. ದಲ್ಲಾಳಿಯೇ ನಡುಮನೆಯಲ್ಲಿ “ಹುಡುಗ ತುಳಸಿಕಟ್ಟೆ ನೋಡ್ತಾನಂತೆ” ಎಂದು ಹೊರಡಿಸಿದರು. “ಕಣ್ಣು ಯಾಕೆ ಹಂಗಿದೆ?” ಅಂತ ಕೇಳಿದೆ. “ನೈಟ್ ಶಿಫ್ಟ್ ಮುಗಿಸಿ ಹಂಗೇ ಬಂದೆ. ಆ ಪಾಳಿ ಇದ್ದಾಗ ಮಧ್ಯಾಹ್ನದ ತನಕ ಮಲಗ್ತೀನಿ, ಆಗ ಯಾರಾದ್ರೂ ಎಬ್ಬಿಸಿದ್ರೆ ಸಿಡುಕ್ತೀನಿ” ಅಂದರು. ತನ್ನ ಸಿಡುಕನ್ನು ತಾನೇ ಹೇಳಿಕೊಂಡವನು ಪರವಾಗಿಲ್ಲ ಅನ್ನಿಸಿತು. ಈಗಲೂ ಎಬ್ಬಿಸಿದರೆ ಸಿಡುಕುತ್ತಾರೆ, ನಿವೃತ್ತರಾದ ಮೇಲೂ.

ಹಾಗಂತ ದಲ್ಲಾಳಿ ಸತ್ಯಹರಿಶ್ಚಂದ್ರರೇನಲ್ಲ. ಸಂಬಳಕ್ಕೆ ಓವರ್‌ಟೈಮ್ ದುಡ್ಡು ಸೇರಿಸಿ ಹೇಳಿದ್ದರು. “ಅವರೇನೂ ಕೇಳಲ್ಲ, ನಿಮ್ಮ ಮಗಳಿಗೆ ನಿಮಗೆ ತೋಚಿದ್ದು ಹಾಕಿ” ಅಂದಿದ್ದರು. ಆ ತೋಚಿದ್ದಕ್ಕೆ ಅಪ್ಪ ವರ್ಷಗಟ್ಟಲೆ ಬಡ್ಡಿ ಕಟ್ಟಿದರು.

“ತೋಚಿದ್ದು ಹಾಕಿ” ಅನ್ನೋ ಈ ಮಾತು ಭಾನುವಾರ ನಿಮ್ಮ ಮನೆಯಲ್ಲೂ ಬರುತ್ತೆ, ನೋಡುತ್ತಿರಿ. ಬಂದಾಗ ಅಪ್ಪನ ಮುಖ ನೋಡಬೇಡಿ, ಬ್ರೋಕರ್ ಮುಖ ನೋಡಿ “ಅಂದ್ರೆ ಏನು, ಬಿಡಿಸಿ ಹೇಳಿ” ಅನ್ನಿ. 1961ರ ಕಾಯ್ದೆ ಪ್ರಕಾರ ವರದಕ್ಷಿಣೆ ತಗೊಳ್ಳೋದಷ್ಟೇ ಅಲ್ಲ, ಕೊಡೋದೂ ಅಪರಾಧ ಅಂತ ನಿಮ್ಮ ಅಪ್ಪನಿಗೂ ಮೊದಲೇ ತಿಳಿಸಿಡಿ. ಹುಡುಗನಿಗೆ ಹವ್ಯಾಸವೇನು, ಗುರಿಯೇನು ಅಂತ ಇಂಟರ್‌ವ್ಯೂ ಮಾಡಬೇಡಿ. ಅದಕ್ಕೆಲ್ಲ ಉತ್ತರ ಬಾಯಿಪಾಠ ಆಗಿರುತ್ತೆ. ದಿನ ಹೇಗೆ ಕಳೆಯುತ್ತೆ, ಸಾಲ ಎಷ್ಟಿದೆ, ಸಿಟ್ಟು ಯಾವುದಕ್ಕೆ ಬರುತ್ತೆ ಅಂತ ಕೇಳಿ. ನೀವಿಬ್ಬರೇ ಮಾತಾಡಲು ಜಾಗ ಸಿಗದಿದ್ದರೆ ಬ್ರೋಕರಿಗೇ ಹೇಳಿ, ಒದಗಿಸಿಕೊಡುತ್ತಾರೆ. ಎರಡೂ ಕಡೆ ಕಮಿಷನ್ ತಗೊಳ್ಳೋರು, ಅಷ್ಟಾದರೂ ದುಡಿಯಲಿ. ಆ ಕಮಿಷನ್ ಎಷ್ಟು ಅನ್ನೋದನ್ನ ಮಾತ್ರ ಶನಿವಾರವೇ ಮಾತಾಡಿ ಮುಗಿಸಿಬಿಡಿ.